ತಿಂಥಣಿಯಲ್ಲಿ ಬಿಡಿಸಿದ ಆಣೆ

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಶಹಾಪುರದ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ರಾಮಸಮುದ್ರದಲ್ಲಿ ಕೂಲಿ ಮಾಡಿ ಬದುಕಿದ ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲಿಗ. ಬಿ.ಎ., ಅದರ ಮೇಲೆ ಬಿ.ಪಿ.ಎಡ್. ಹೆಸರಿನ ಮುಂದೆ ಆ ಅಕ್ಷರಗಳನ್ನು ಬರೆಯದೆ ನಾನು ಒಂದು ರಜೆ ಅರ್ಜಿಯನ್ನೂ ಕೊಟ್ಟವನಲ್ಲ. ಜನ ನಗುತ್ತಿದ್ದರು. ನಗಲಿ, ದುಡಿದು ಗಳಿಸಿದ ಅಕ್ಷರ ಅವು.

ಆಗ ನಮ್ಮ ಸೀಮೆಗೆ ಕೃಷ್ಣೆಯ ಕಾಲುವೆ ನೀರು ಹೊಸದು. ಕಾಲುವೆಯ ಜೊತೆ ಎಂಜಿನಿಯರುಗಳು, ಗುತ್ತಿಗೆದಾರರು, ಅವರ ತಗಡಿನ ಕ್ಯಾಂಪುಗಳು ಬಂದವು. ಕ್ಯಾಂಪಿನವರ ಜೊತೆ ಹಾಕಿಯ ಹುಚ್ಚೂ ಬಂತು. ನಮ್ಮ ಕರಿಮಣ್ಣಿನಲ್ಲಿ ಚೆಂಡು ಬಿರುಕಿಗೆ ಸಿಕ್ಕು ನಿಂತುಬಿಡುತ್ತಿತ್ತು. ಕಾಲುವೆ ತೋಡಿದ ಕಡೆಯಿಂದ ಮೊರಂ ಎಂಬ ಕೆಂಪು ಗರಸು ಮಣ್ಣು ತಂದು ಹಾಸಿ, ಬೇಡಿಕೊಂಡು ರೋಲರ್ ಹೊಡೆಸಿ, ಊರ ಹೊರಗೆ ಒಂದು ಮೈದಾನ ಮಾಡಿಕೊಂಡೆವು. ಸಂಜೆ ಆಟ ಮುಗಿಯುವಷ್ಟರಲ್ಲಿ ಎಲ್ಲರ ಕಾಲೂ ಮೊಣಕಾಲ ತನಕ ಕೆಂಪು. ಹಾಗೇ ಕುಳಿತು ಶೇಂಗಾ ಬೆಲ್ಲ ತಿನ್ನುತ್ತಿದ್ದೆವು. ಆ ಸಂಜೆಗಳಿಗಿಂತ ಒಳ್ಳೆಯ ಸಂಜೆಗಳನ್ನು ನಾನು ಆಮೇಲೆ ಕಂಡಿಲ್ಲ.

ಊರಿನ ದುಡಿಯುವ ಹುಡುಗರನ್ನು ಸೇರಿಸಿ ಕಟ್ಟಿದ ಕ್ಲಬ್ ಅದು. ತರಬೇತುದಾರನೂ ಕಾರ್ಯದರ್ಶಿಯೂ ನಾನೇ. ತಂಡದ ಜೀವ ಇದ್ದದ್ದು ಇಬ್ಬರಲ್ಲಿ. ಗೋಗಿಯ ಮರೆಪ್ಪ, ನನ್ನ ಹಳೆಯ ವಿದ್ಯಾರ್ಥಿ, ಹೊಲದ ಕೂಲಿಯವನು. ಇನ್ನೊಬ್ಬ ಖಾಜಾ, ಬಜಾರಿನಲ್ಲಿ ದರ್ಜಿ. ಎದುರಾಳಿ ತನ್ನ ಗೋಲಿನ ಮುಂದೆ ತಪ್ಪು ಮಾಡಿದರೆ ನಮಗೆ ‘ಶಾರ್ಟ್ ಕಾರ್ನರ್’ ಸಿಗುತ್ತದೆ. ಗೆರೆಯ ಕಡೆಯಿಂದ ಒಬ್ಬ ಚೆಂಡು ತಳ್ಳುತ್ತಾನೆ, ಒಬ್ಬ ಅದನ್ನು ನಿಲ್ಲಿಸುತ್ತಾನೆ, ಮತ್ತೊಬ್ಬ ಹೊಡೆಯುತ್ತಾನೆ. ನಿಯಮ ಬದಲಾಗಿದ್ದರೂ ನಮ್ಮ ಕಡೆಯ ಪಂದ್ಯಗಳಲ್ಲಿ ಆಗಿನ್ನೂ ಕೈಯಿಂದಲೇ ನಿಲ್ಲಿಸುತ್ತಿದ್ದರು. ಖಾಜಾ ಚೆಂಡಿನ ಮೇಲೆ ಅಂಗೈ ಇಟ್ಟರೆ ಅದು ಅಲ್ಲೇ ಸತ್ತಂತೆ ನಿಲ್ಲುತ್ತಿತ್ತು. ಮರೆಪ್ಪ ಹೊಡೆದರೆ ಗೋಲಿನ ಹಲಗೆ ಸದ್ದು ಮಾಡುತ್ತಿತ್ತು.

ಸುರಪುರದ ಹತ್ತಿರ ಒಬ್ಬ ಗುತ್ತಿಗೆದಾರನ ಕ್ಯಾಂಪು ತಂಡವಿತ್ತು. ಅವನು ಆಟಗಾರರಿಗೆ ಸಂಬಳ ಕೊಡುತ್ತಿದ್ದ. ಒಂದೇ ವರ್ಷದಲ್ಲಿ ನಮ್ಮ ಮೂವರು ಅಲ್ಲಿಗೆ ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು. ಬಸ್‌ಸ್ಟ್ಯಾಂಡಿನಲ್ಲಿ ಎದುರು ಸಿಕ್ಕರೂ ಅವರನ್ನು ಮಾತಾಡಿಸಲಿಲ್ಲ. ಮುಂದಿನ ಸೀಜನ್ ಶುರುವಾಗುವ ಮೊದಲು ಇಡೀ ತಂಡವನ್ನು ಕೃಷ್ಣೆಯ ದಂಡೆಯ ತಿಂಥಣಿಗೆ ಕರೆದುಕೊಂಡು ಹೋದೆ. ಮೌನೇಶ್ವರನಿಗೆ ಕೈಮುಗಿದು, ಹೊಳೆದಂಡೆಯ ಬಂಡೆಯ ಮೇಲೆ ಸ್ಟಿಕ್ಕುಗಳನ್ನು ರಾಶಿ ಹಾಕಿಸಿ, ಎಲ್ಲರಿಂದಲೂ ಅವುಗಳ ಮೇಲೆ ಕೈ ಇಡಿಸಿದೆ. ಸೀಜನ್ ಮುಗಿಯುವ ತನಕ ಯಾರೂ ತಂಡ ಬಿಡುವುದಿಲ್ಲ ಎಂದು ಆಣೆ ಮಾಡಿಸಿದೆ.

ಸೀಜನ್ನಿನ ಕೊನೆಗೆ ಯಾದಗಿರಿಯಲ್ಲಿ ಸೆಮಿಫೈನಲ್ ಗೆದ್ದೆವು. ಅವತ್ತೇ ಹೈದರಾಬಾದಿನ ಒಂದು ಕಾರ್ಖಾನೆಯ ಅಧಿಕಾರಿ ಮರೆಪ್ಪನ ಹೊಡೆತ ನೋಡಿದರು. ಅವರ ತಂಡಕ್ಕೆ ಆಡಿದರೆ ತಿಂಗಳಿಗೆ ಒಂಬೈನೂರು ರೂಪಾಯಿ, ಇರಲು ಕೋಣೆ, ವರ್ಷದ ನಂತರ ನೌಕರಿ ಕಾಯಂ. ಆದರೆ ಶನಿವಾರವೇ ಹಾಜರಾಗಬೇಕು, ‘ರಿಲೀಸ್ ಲೆಟರ್’ ಸಮೇತ. ಒಂದು ಕ್ಲಬ್ಬಿನ ಆಟಗಾರ ಸೀಜನ್ ನಡುವೆ ಇನ್ನೊಂದಕ್ಕೆ ಹೋಗಬೇಕಾದರೆ ಹಳೆಯ ಕ್ಲಬ್ ಬರೆದುಕೊಡುವ ಒಪ್ಪಿಗೆ ಪತ್ರವದು. ನಮ್ಮ ಫೈನಲ್ ಇದ್ದದ್ದು ಭಾನುವಾರ, ಸುರಪುರದ ಅದೇ ಕ್ಯಾಂಪಿನ ಎದುರು.

ಮರೆಪ್ಪ ನನ್ನ ಮುಂದೆಯೇ ಅವರಿಗೆ ಹೇಳಿಬಿಟ್ಟ: “ಆಣಿ ಮಾಡೀನ್ರಿ ಸಾಹೇಬ್ರ. ಬರಾಕ ಆಗಂಗಿಲ್ಲ.”

ನಾನು ಅವನ ಬೆನ್ನು ತಟ್ಟಿ, ಚಹಾ ಕುಡಿಸಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಗುರುವಾರ ಮಧ್ಯಾಹ್ನ ಅವನ ತಾಯಿ ನಾಗಮ್ಮ ಶಾಲೆಗೆ ಬಂದಳು. ಕಳೆ ಕೀಳುವುದನ್ನು ಬಿಟ್ಟು ನೇರವಾಗಿ ಬಂದಿದ್ದಳು. ಸೀರೆಯ ಅಂಚಿಗೆಲ್ಲ ಹಸಿ ಮಣ್ಣು. ಕುರ್ಚಿ ತೋರಿಸಿದರೂ ಕೂಡಲಿಲ್ಲ.

“ನನ್ನ ಮಗ ನಿಮ್ಮ ಮಾತು ದಾಟಂಗಿಲ್ರಿ ಸರ್ರ. ಅದಕ್ಕ ನಿಮ್ಮ ಹಂತ್ಯಾಕ ಬಂದೀನಿ.”

“ಆಣಿ ಅವನೇ ಮಾಡ್ಯಾನವ್ವ. ನಾ ಏನು ಮಾಡ್ಲಿ?”

“ಮಾಡ್ಸಿದವ್ರು ಯಾರ್ರಿ?” ಅಂದಳು. ಮತ್ತೆ ಮುಂದುವರಿಸಿದಳು: “ನೀವು ರಾಮಸಮುದ್ರ ಬಿಟ್ಟು ಕಾಲೇಜಿಗೆ ಹ್ವಾದಾಗ ನಿಮಗ ಯಾರು ಆಣಿ ಹಾಕ್ಸಿದ್ರು? ಬಿಟ್ಟು ಹ್ವಾದ್ರಿ, ಶ್ಯಾಣ್ಯಾ ಆದ್ರಿ. ನನ್ನ ಮಗ ಮಾತ್ರ ಇಲ್ಲೇ ಕೊಳೀಬೇಕೇನು?”

ನಾನು ಕಾಲೇಜಿಗೆ ಹೋದ ವರ್ಷ ನನ್ನ ತಮ್ಮ ಏಳನೇ ಇಯತ್ತೆಗೆ ಶಾಲೆ ಬಿಟ್ಟು ನನ್ನ ಬದಲು ಕೂಲಿಗೆ ಇಳಿದಿದ್ದ. “ಹೋಗಬ್ಯಾಡಣ್ಣ” ಎಂದು ಅವನು ಒಂದು ದಿನವೂ ಅಂದಿರಲಿಲ್ಲ. ಹೆಸರಿನ ಮುಂದೆ ಅಕ್ಷರ ಬರೆಯುವಾಗ ನಾನು ಅವನನ್ನು ಎಷ್ಟು ಸಲ ನೆನೆದಿದ್ದೆ?

ಅಲ್ಲೇ ಪತ್ರ ಬರೆದು ಸಹಿ ಹಾಕಿದೆ. ಸಂಜೆ ಮೈದಾನದಲ್ಲಿ ಮರೆಪ್ಪನಿಗೆ ಕೊಟ್ಟರೆ ಅವನು ತೆಗೆದುಕೊಳ್ಳಲಿಲ್ಲ.

“ಕಾಗದ ತಗೊಂಡು ಏನ್ ಮಾಡ್ಲಿರಿ? ಆಣಿ ತಿಂಥಣ್ಯಾಗ ಐತಿ.”

ಆಣೆ ಇಟ್ಟ ಜಾಗದಲ್ಲಿ, ಇಟ್ಟವರೆಲ್ಲ ಕೂಡಿ ಬಿಡಿಸಬೇಕು ಎಂಬುದು ಅವರೆಲ್ಲರ ನಂಬಿಕೆ. ಒಬ್ಬ ಒಲ್ಲೆ ಎಂದರೂ ಮುಗಿಯಿತು. ಶುಕ್ರವಾರ ಬೆಳಿಗ್ಗೆ ಅರ್ಧ ದಿನ ರಜೆ ಹಾಕಿ ಮತ್ತೆ ಬಸ್ ಹತ್ತಿದೆವು. ಎರಡು ದಿನಕ್ಕೆ ಫೈನಲ್ ಇಟ್ಟುಕೊಂಡು ಹುಡುಗರು ತಮ್ಮ ಗೋಲು ಹೊಡೆಯುವವನನ್ನು ಕೈಯಾರೆ ಬಿಟ್ಟುಕೊಡಲು ಹೊರಟಿದ್ದರು.

ಅದೇ ಬಂಡೆಯ ಮೇಲೆ ಸ್ಟಿಕ್ಕು ಇಟ್ಟರು. ನಾನು ಹೇಳಿದೆ: “ಈ ಆಣಿ ಹಾಕ್ಸಿದ್ದು ನನ್ನ ತಪ್ಪು. ನನ್ನ ಸಿಟ್ಟಿಗೆ ನಿಮ್ಮನ್ನ ಕಟ್ಟಿ ಹಾಕೀನಿ. ಬಿಡಸ್ರಿ.”

ಒಬ್ಬೊಬ್ಬರೇ ತಮ್ಮ ಸ್ಟಿಕ್ಕು ಎತ್ತಿಕೊಂಡರು. ಖಾಜಾ ಮಾತ್ರ ಎತ್ತಲಿಲ್ಲ.

“ಲೇ ಮರ್ಯಾ, ನೀ ಹ್ವಾದ್ರ ನಾ ಯಾರಿಗೆ ಚೆಂಡು ನಿಂದರಸ್ಲಿ?”

ಮರೆಪ್ಪ ನೀರಿನ ಕಡೆ ನೋಡುತ್ತ ಅಂದ: “ಬ್ಯಾಡಂದ್ರ ಹೇಳು ದೋಸ್ತ. ಹೋಗಂಗಿಲ್ಲ.”

ಖಾಜಾ ಬಗ್ಗಿ ಎರಡು ಸ್ಟಿಕ್ಕು ಎತ್ತಿದ, ತನ್ನದು ಮತ್ತು ಮರೆಪ್ಪನದು. “ಹೋಗಲೇ. ಅಲ್ಲಿ ನಿಂದರಸಾವ ಸರಿ ಇಲ್ಲಂದ್ರ ಕಾಗದ ಬರಿ, ಹೊಲಿಗಿ ಮಷೀನ್ ಹೊತ್ಕೊಂಡು ಬರ್ತೀನಿ.” ಆಮೇಲೆ ನನ್ನ ಕಡೆ ತಿರುಗಿದ: “ಸರ್, ಹಾಕ್ಸಾವ್ರೂ ನೀವೇ, ಬಿಡ್ಸಾವ್ರೂ ನೀವೇ. ಎರಡೂ ಸಲ ಬಸ್ ಚಾರ್ಜ್ ನಮ್ದೇನ್ರಿ?”

ಎಲ್ಲರೂ ನಕ್ಕರು. ಮರೆಪ್ಪ ನಗುತ್ತಲೇ ಟವೆಲಿನಿಂದ ಮುಖ ಒರೆಸಿಕೊಂಡ.

ಭಾನುವಾರ ನಮಗೆ ನಾಲ್ಕು ಶಾರ್ಟ್ ಕಾರ್ನರ್ ಸಿಕ್ಕವು. ನಾಲ್ಕಕ್ಕೂ ಖಾಜಾ ಚೆಂಡನ್ನು ಚೊಕ್ಕವಾಗಿ ನಿಲ್ಲಿಸಿದ. ಹೊಡೆದದ್ದು ಒಂದೂ ಒಳಗೆ ಹೋಗಲಿಲ್ಲ. ಎರಡು ಗೋಲಿನಿಂದ ಸೋತೆವು. ನಮ್ಮನ್ನು ಬಿಟ್ಟು ಹೋಗಿದ್ದ ಮೂವರಲ್ಲಿ ಒಬ್ಬ ಆಟ ಮುಗಿದ ಮೇಲೆ ದೂರ ನಿಂತಿದ್ದ. ಗೆದ್ದವನ ಮುಖ ಅದಲ್ಲ. ನಾನೇ ಹೋಗಿ ಕೈ ಕುಲುಕಿದೆ.

“ಕ್ಯಾಂಪಿನ ಪಗಾರದಾಗ ಮನಿ ಮ್ಯಾಲ ತಗಡಿನ ಪತ್ರಾ ಹಾಕ್ಸೀನ್ರಿ ಸರ್,” ಅಂದ ಅವಸರವಾಗಿ. “ಮಳಿ ಬಂದ್ರ ಈಗ ಸೋರಂಗಿಲ್ಲ. ನೋಡಾಕ ಬರ್ರಿ.”

ಮುಂದಿನ ವಾರವೇ ಹೋಗಿ ನೋಡಿದೆ.

ಮರೆಪ್ಪನ ನೌಕರಿ ಕಾಯಂ ಆಯಿತು. ನಾಗಮ್ಮ ಕೂಲಿ ಬಿಟ್ಟಳು. ನಾವು ಫೈನಲ್ ಗೆದ್ದದ್ದು ಅದಾಗಿ ನಾಲ್ಕು ವರ್ಷಕ್ಕೆ. ಆ ನಾಲ್ಕು ವರ್ಷ ನಾನು ಕೇಳಿದ ಕುಹಕ ಅಷ್ಟಿಷ್ಟಲ್ಲ.

ಕೆಲಸ ನನಗೆ ಕಲಿಸಿದ್ದು ಇಷ್ಟು: ಹೊಟ್ಟೆ ತುಂಬಿದವನು ಹಸಿದವನಿಂದ ನಿಷ್ಠೆ ಕೇಳಬಾರದು. ಸರಕಾರಿ ಸಂಬಳ ಎಣಿಸುತ್ತಿದ್ದವನು ನಾನು. ದುಡ್ಡಿಗೆ ಹೋದರು ಎಂದು ಸಿಟ್ಟಾಗುವ ಹಕ್ಕು ನನಗೆಲ್ಲಿಂದ ಬಂತು? ಮುಂದಿನ ಸೀಜನ್ನಿನಿಂದ ಮೊದಲ ದಿನವೇ ಎಲ್ಲ ಆಟಗಾರರಿಗೂ ರಿಲೀಸ್ ಲೆಟರ್ ಬರೆದು, ಸಹಿ ಹಾಕಿ, ತಾರೀಖು ಖಾಲಿ ಬಿಟ್ಟು ಅವರವರ ಕೈಗೇ ಕೊಡತೊಡಗಿದೆ. ಬೇರೆ ಕ್ಲಬ್ಬಿನವರು ಇದನ್ನು ಹುಚ್ಚು ಅಂದರು. ನಿವೃತ್ತಿಯ ತನಕ ಹಾಗೇ ನಡೆಸಿದೆ. ಹಲವರು ಹೋದರು. ಆದರೆ ಯಾರೂ ಕದ್ದು ಹೋಗಲಿಲ್ಲ. ಮೈದಾನಕ್ಕೆ ಬಂದು, ಜೊತೆಯವರಿಗೆ ಹೇಳಿ, ತಾರೀಖನ್ನು ನನ್ನ ಕೈಯಿಂದಲೇ ಬರೆಸಿಕೊಂಡು ಹೋದರು.