ಲ್ಯಾಬ್ ಮೇಡಂ ತಿದ್ದಿದ ಪುಟ

ಕಂಪ್ಯೂಟರ್ ಪರದೆಯ ಮೇಲೆ ಸ್ಟೀಲಿನ ಅಡಿಪಟ್ಟಿ ಇಟ್ಟುಕೊಂಡು ಓದುವವರನ್ನು ನಾನು ಕಂಡದ್ದು ಅವರೊಬ್ಬರನ್ನೇ. ಎಡಗೈಯಲ್ಲಿ ಪಟ್ಟಿಯನ್ನು ಒಂದು ಸಾಲಿನ ಕೆಳಗೆ ಒತ್ತಿ ಹಿಡಿಯುತ್ತಿದ್ದರು. ಆ ಸಾಲು ಹೇಳಿದ್ದನ್ನು ಪಕ್ಕದ ಯಂತ್ರದಲ್ಲಿ ಬಲಗೈಯಿಂದ ಟೈಪ್ ಮಾಡಿ ನೋಡುವವರೆಗೆ ಪಟ್ಟಿ ಕೆಳಗಿಳಿಯುತ್ತಿರಲಿಲ್ಲ. ಪರದೆಯ ಎಡ ಅಂಚಿನಲ್ಲಿ ಸಣ್ಣ ಗೀರುಗಳು ಸಾಲಾಗಿ ಬಿದ್ದಿದ್ದವು.

ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಅವರು ಲ್ಯಾಬ್ ಇನ್‌ಸ್ಟ್ರಕ್ಟರ್. ಎಲ್ಲರಿಗೂ ಅವರು ‘ಲ್ಯಾಬ್ ಮೇಡಂ’. ಓದಿದ್ದು ಡಿಪ್ಲೊಮಾ, ಹಾಗಾಗಿ ಮೀಟಿಂಗಿನಲ್ಲಿ ಅವರ ಕುರ್ಚಿ ಯಾವಾಗಲೂ ಬಾಗಿಲ ಪಕ್ಕ. ಹೊಸದುರ್ಗದಿಂದ ದಿನವೂ ಬಸ್ಸಿನಲ್ಲಿ ನಿಂತುಕೊಂಡೇ ಬರುವರು. ಹೊಳಲ್ಕೆರೆಯಲ್ಲಿ ಸೀಟು ಸಿಕ್ಕರೆ ಚೀಲದಿಂದ ಕಾಗದ ತೆಗೆದು ಓದತೊಡಗುವರು. ಅವರ ತಂದೆ ಕುರಿ ಮೇಯಿಸಿದವರು. “ನಮ್ಮಪ್ಪ ಕುರಿ ಎಣಿಸ್ತಿರ್ಲಿಲ್ಲ. ಯಾವ್ದು ಇಲ್ಲ ಅಂತ ನೋಡ್ತಿದ್ದ” ಎಂದು ಒಮ್ಮೆ ಹೇಳಿದ್ದರು. ಅವರು ಓದುತ್ತಿದ್ದುದೂ ಹಾಗೆಯೇ.

ನಾನು ಎಂ.ಎಸ್ಸಿ. ಮುಗಿಸಿ ಹಿರಿಯೂರಿನಿಂದ ಅಲ್ಲಿಗೆ ತಾತ್ಕಾಲಿಕ ಕೆಲಸಕ್ಕೆ ಸೇರಿದಾಗ ಲ್ಯಾಬಿನ ಕೈಪಿಡಿ ಬರೆಯಲು ಹೇಳಿದರು. ಮೊದಲ ಪುಟ ತೋರಿಸಿದ ದಿನ ಮೇಡಂ ಕೇಳಿದ್ದು ಒಂದೇ ಪ್ರಶ್ನೆ.

“ಇದನ್ನ ನೋಡಿ ಬರ್ದ್ಯೋ, ಕೇಳಿ ಬರ್ದ್ಯೋ?”

“ಓದಿ ಬರೆದೆ ಮೇಡಂ.”

“ಓದಿದ್ದೂ ಕೇಳಿದ್ದೇ ಕಣಮ್ಮ. ಕುಂತ್ಕ, ಮಾಡಿ ನೋಡಾಣ.”

ಹೀಗೆ ಒಂದು ಮಳೆಗಾಲ ಪೂರ್ತಿ ಕೂತೆವು. ನಾನು ಬರೆಯುವುದು, ಅವರು ಮಾಡಿ ನೋಡುವುದು, ಕೊನೆಗೆ ಪುಟದ ಕೆಳಗೆ ಸಹಿ ಹಾಕುವುದು. ಅವರ ಸಹಿ ಇಲ್ಲದ ಪುಟ ಮಕ್ಕಳ ಕೈಗೆ ಹೋಗುತ್ತಿರಲಿಲ್ಲ.

ಯಂತ್ರ ಬಳಸುವವರ ಗುಂಪುಗಳ ಬಗ್ಗೆ ನನಗೆ ತಿಳಿಯದ ಒಂದು ಬಳಕೆಯನ್ನು ತೋರಿಸಿದವರೂ ಅವರೇ. ನಮ್ಮ ಯಂತ್ರಗಳಲ್ಲಿ ಒಂದು ಕಡತವನ್ನು ಯಾರು ತೆರೆಯಬಹುದು ಎಂಬುದನ್ನು ಮೂರು ಭಾಗವಾಗಿ ಬರೆದಿರುತ್ತಾರೆ: ಒಡೆಯನಿಗೆ ಇಷ್ಟು, ಒಂದು ಗುಂಪಿಗೆ ಇಷ್ಟು, ಉಳಿದವರಿಗೆ ಇಷ್ಟು. ಗುಂಪೆಂದರೆ ಒಳಗೆ ಬಿಡುವ ವ್ಯವಸ್ಥೆ ಎಂದು ನಾನು ತಿಳಿದಿದ್ದೆ. ಮೇಡಂ ಅದನ್ನು ತಡೆಯಲೂ ಬಳಸುತ್ತಿದ್ದರು. ಪ್ರಾಯೋಗಿಕ ಪರೀಕ್ಷೆಯ ದಿನ ಬೆಳಗಿನ ಬ್ಯಾಚು ಮುಗಿದ ಮೇಲೆ ಪ್ರಶ್ನೆಪತ್ರಿಕೆಯನ್ನು ಎಲ್ಲರಿಗೂ ತೆರೆದಿಟ್ಟು, ಅದೇ ಪತ್ರಿಕೆ ಬರೆಯಬೇಕಿದ್ದ ಮಧ್ಯಾಹ್ನದ ಬ್ಯಾಚಿನ ಗುಂಪಿಗೆ ಮಾತ್ರ ಏನೂ ಇಲ್ಲ ಎಂದು ಬರೆಯುವರು. ಗುಂಪಿನಲ್ಲಿ ಇದ್ದವರಿಗೆ ಗುಂಪಿನ ನಿಯಮವೇ. ‘ಉಳಿದವರ’ ಸೌಲಭ್ಯ ಅವರಿಗೆ ಸಿಗದು.

ಆ ವರ್ಷ ಹೊಸ ಪಾಠವೊಂದು ಸೇರಿತು, ಯೂಸರ್ ನೇಮ್‌ಸ್ಪೇಸ್. ಸರಳವಾಗಿ ಹೇಳಿದರೆ, ವಿದ್ಯಾರ್ಥಿಯೊಬ್ಬಳು ಯಂತ್ರದೊಳಗೆ ತನ್ನದೇ ಒಂದು ಮೂಲೆ ಮಾಡಿಕೊಂಡು ಅಲ್ಲಿ ತಾನೇ ಯಜಮಾನಿಯಂತೆ ಇರಬಹುದು. ಆ ಮೂಲೆಯಲ್ಲಿ ಗುಂಪುಗಳನ್ನು ಬದಲಿಸಬಹುದೋ ಬಾರದೋ ಎಂದು ಹೇಳುವ ಸಣ್ಣ ಕಡತವೊಂದು ಇರುತ್ತದೆ. ನಮ್ಮ ಅಭ್ಯಾಸಕ್ಕೆ ಬೇಕಾಗಿದ್ದರಿಂದ ಬದಲಿಸಬಹುದು ಎಂದೇ ಬಿಟ್ಟಿದ್ದೆವು. ನಾನು ಆ ಪುಟದಲ್ಲಿ ಹೀಗೆ ಬರೆದೆ: “ಗುಂಪನ್ನು ಬಿಟ್ಟರೆ ಹಕ್ಕು ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಆದ್ದರಿಂದ ಇದರಿಂದ ಅಪಾಯವಿಲ್ಲ.” ಪುಟಕ್ಕೆ ಮೇಡಂ ಸಹಿ ಬಿತ್ತು.

ಪರೀಕ್ಷೆಯ ದಿನ ಊಟದ ಹೊತ್ತಿನಲ್ಲಿ ಪ್ರಶ್ನೆಪತ್ರಿಕೆ ಮಧ್ಯಾಹ್ನದ ಬ್ಯಾಚಿನ ಒಬ್ಬ ಹುಡುಗಿಯ ಯಂತ್ರದಲ್ಲಿ ತೆರೆದದ್ದು ಲ್ಯಾಬಿನ ಯಂತ್ರಗಳ ದಾಖಲೆಯಲ್ಲಿ ಕಂಡಿತು. ಅವಳು ಸಿರಿಗೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದವಳು. ಲ್ಯಾಬ್ ಮೇಡಂ ಅವರ ಪಾಸ್‌ವರ್ಡ್ ಕದ್ದಿದ್ದಾಳೆ, ಆ ವರ್ಷದ ಪರೀಕ್ಷೆಗಳಿಂದಲೇ ಹೊರಗಿಡಬೇಕು ಎಂದು ವಿಭಾಗದ ಮುಖ್ಯಸ್ಥರು ಪತ್ರ ಸಿದ್ಧಮಾಡಿಸಿದರು. ಮರುದಿನ ಅವಳನ್ನೂ ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು.

“ಪಾಸ್‌ವರ್ಡ್ ಎಲ್ಲಾದ್ರೂ ಬರೆದಿಟ್ಟಿದ್ರೇನ್ರಿ?” ಎಂದು ಮುಖ್ಯಸ್ಥರು ಮೇಡಂ ಅವರನ್ನು ಕೇಳಿದರು.

“ಇಲ್ಲ ಸರ್. ನಿಮ್ಮ ಯಂತ್ರದ ಮುಂದೆ ಸ್ವಲ್ಪ ಕುಂತ್ಕಳ್ರಿ. ನಿಮ್ಮನ್ನ ಮಧ್ಯಾಹ್ನದ ಬ್ಯಾಚಿಗೆ ಹಾಕ್ತೀನಿ, ಬೇಜಾರಿಲ್ವಲ್ಲ?”

“ಹಾಕ್ರಿ. ಪರೀಕ್ಷೆ ಮಾತ್ರ ಬರೆಸ್ಬ್ಯಾಡ್ರಿ.”

ಮೇಡಂ ನಗಲಿಲ್ಲ. ಅವರನ್ನು ಆ ಗುಂಪಿಗೆ ಸೇರಿಸಿದರು. ಮುಖ್ಯಸ್ಥರು ಪ್ರಶ್ನೆಪತ್ರಿಕೆ ತೆರೆಯಲು ಹೋದರೆ ಅನುಮತಿ ಇಲ್ಲ ಎಂದಿತು. ಆಮೇಲೆ ಮೇಡಂ ನಾನು ಬರೆದ ಪುಟವನ್ನು ಅವರ ಮುಂದಿಟ್ಟು, ಅದರಲ್ಲಿದ್ದಂತೆ ಒಂದೊಂದೇ ಸಾಲು ಟೈಪ್ ಮಾಡಿಸಿದರು. ಮುಖ್ಯಸ್ಥರು ತಮ್ಮದೇ ಮೂಲೆ ಮಾಡಿಕೊಂಡರು, ಗುಂಪನ್ನು ಬಿಟ್ಟರು. ಬಿಟ್ಟ ಕ್ಷಣ ಅವರು ‘ಉಳಿದವರು’ ಆದರು. ಪ್ರಶ್ನೆಪತ್ರಿಕೆ ತೆರೆಯಿತು.

“ಈಗ ಹೇಳ್ರಿ ಸರ್. ನನ್ನ ಪಾಸ್‌ವರ್ಡ್ ಕದ್ರಾ ನೀವು?”

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡರು. ತಡೆಯುವ ಗುಂಪನ್ನು ಕಣ್ಣಾರೆ ಕಂಡಿದ್ದವಳೇ, ಗುಂಪು ಬಿಟ್ಟರೆ ಹಕ್ಕು ಹೆಚ್ಚುವುದಿಲ್ಲ ಎಂದು ಬರೆದಿದ್ದೆ.

“ಈ ಪುಟ ಬರೆದವರು ಯಾರು?”

ನಾನು ಬಾಯಿ ತೆರೆಯುವುದರೊಳಗೆ ಮೇಡಂ ಹೇಳಿದರು: “ಬರ್ದೋಳು ಇವಳು. ಓದಿ ಸಹಿ ಹಾಕ್ದೋಳು ನಾನು. ಆ ಸಾಲನ್ನ ಮಾಡಿ ನೋಡ್ದೆ ಮುಂದಕ್ಕೆ ಹೋಗ್ಬಿಟ್ಟೆ. ಈ ಹುಡುಗಿ ಪಾಸ್‌ವರ್ಡ್ ಕದ್ದಿಲ್ಲ ಸರ್. ಅಷ್ಟು ನಾನು ಹೇಳ್ತೀನಿ. ಹೊಸ ಪತ್ರಿಕೆ ಕೊಟ್ಟು ಬರೆಸ್ರಿ.”

ಆಮೇಲೆ ಅವರು ಹುಡುಗಿಯ ಕಡೆ ತಿರುಗಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವಳು ನೆಲ ನೋಡುತ್ತಿದ್ದಳು. ಅದು ಕರುಣೆ ಎಂದುಕೊಂಡೆ.

ಪುಟದ ಅಭ್ಯಾಸ ಮಾಡುವಾಗ ಗೊತ್ತಿಲ್ಲದೆ ತೆರೆದಿರಬೇಕು ಎಂದುಕೊಂಡು ಮುಖ್ಯಸ್ಥರು ಪತ್ರ ಹರಿದುಹಾಕಿದರು. ಹುಡುಗಿ ಬೇರೆ ಪತ್ರಿಕೆ ಬರೆದು ಪಾಸಾದಳು. ಮೇಡಂಗೆ ಮೆಮೊ ಬಂತು, ನನಗೆ ಬರಲಿಲ್ಲ. ಅಂದು ಸಂಜೆ ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಕೇಳಿದೆ, ಎಲ್ಲ ಸಾಲುಗಳನ್ನೂ ಮಾಡಿ ನೋಡುವವರು ಅದೊಂದನ್ನು ಹೇಗೆ ಬಿಟ್ಟಿರಿ ಎಂದು.

“ನೀನು ಬರ್ದಿದ್ದಲ್ವಾ ಅಂತ ಬಿಟ್ಟೆ.”

ಬೈದಿದ್ದರೆ ಹಗುರವಾಗುತ್ತಿತ್ತು. ಮರುದಿನ ಇಬ್ಬರೂ ಕೂತು ಪುಟವನ್ನು ಮತ್ತೆ ಬರೆದೆವು. ಗುಂಪು ಬಿಡದಂತೆ ಆ ಸಣ್ಣ ಕಡತದಲ್ಲಿ ಏನು ಬರೆಯಬೇಕು, ಯಾಕೆ ಬರೆಯಬೇಕು ಎಂಬುದೆಲ್ಲ ಸೇರಿತು. ಮೊದಲ ಸಾಲು ಮಾತ್ರ ಅವರೇ ಹೇಳಿ ಬರೆಸಿದ್ದು: “ಈ ಪುಟ ಮೊದಲು ತಪ್ಪಾಗಿತ್ತು.”

ಎರಡು ವರ್ಷದ ನಂತರ ಕಿಡ್ನಿ ಕಾಯಿಲೆಯಿಂದ ಮೇಡಂ ತೀರಿಕೊಂಡರು. ಹೊಸದುರ್ಗದ ಅವರ ಮನೆ ಮುಂದೆ ಆ ಹುಡುಗಿಯೂ ನಿಂತಿದ್ದಳು. ಈಗ ಎಲ್ಲೋ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಾಳಂತೆ. ನನ್ನನ್ನು ಸ್ವಲ್ಪ ಪಕ್ಕಕ್ಕೆ ಕರೆದಳು.

“ಅಕ್ಕಾ, ನಾನು ಅವತ್ತು ಗೊತ್ತಿಲ್ದೆ ತೆಗೀಲಿಲ್ಲ. ಪೇಪರ್ ನೋಡಾಕೇ ಗುಂಪು ಬಿಟ್ಟೆ.”

“ಮೇಡಂಗೆ ಗೊತ್ತಿತ್ತಾ?”

“ಆ ರೂಮಿಗೆ ಹೋಗೋಕೆ ಮುಂಚೆ ನಾನೇ ಹೇಳಿದ್ದೆ. ‘ಪಾಸ್‌ವರ್ಡ್ ಕದ್ದೆ ಅನ್ನೋದು ಸುಳ್ಳು, ಅದನ್ನ ನಾನು ಬಿಡಿಸ್ತೀನಿ. ಪೇಪರ್ ನೋಡಿದ ತಪ್ಪು ನಿಂದು. ಅದನ್ನ ನೀನೇ ಹೇಳ್ಬೇಕು’ ಅಂದ್ರು.”

“ಹೇಳಿದ್ಯಾ?”

ಅವಳು ತಲೆಯಾಡಿಸಿದಳು, ಇಲ್ಲ ಎಂದು. “ಆಮೇಲೆ ಒಂದ್ಸಲನೂ ಕೇಳ್ಲಿಲ್ಲ ಅಕ್ಕ. ಸಿಕ್ಕಾಗೆಲ್ಲ ಊಟ ಆತಾ ಅಂತಿದ್ರು, ಅಷ್ಟೇ.”

ಹಿರಿಯೂರಿಗೆ ಬರುವ ಬಸ್ಸಿನಲ್ಲಿ, ಆ ಕೋಣೆಯಲ್ಲಿ ಮೇಡಂ ಆಡಿದ ಮಾತುಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ಹುಡುಗಿ ತಪ್ಪು ಮಾಡಿಲ್ಲ ಎಂದು ಅವರು ಎಲ್ಲಿಯೂ ಹೇಳಿರಲಿಲ್ಲ. ಕದ್ದಿಲ್ಲ ಎಂದಿದ್ದರು, ಆ ಸಾಲನ್ನು ತಾವು ಮಾಡಿ ನೋಡಲಿಲ್ಲ ಎಂದಿದ್ದರು, ಮತ್ತೆ ಬರೆಸಿ ಎಂದಿದ್ದರು. ಒಂದು ಮಾತೂ ಸುಳ್ಳಲ್ಲ. ಉಳಿದ ಒಂದು ಮಾತಿಗೆ ಜಾಗ ಬಿಟ್ಟು, ಅವಳು ಅದನ್ನು ಹೇಳಲೆಂದು ಕಾದಿದ್ದರು. ಹೇಳದಿದ್ದರೂ ಅವಳ ವರ್ಷವನ್ನು ಉಳಿಸಿದ್ದರು.

ನಾನು ಇಂದಿಗೂ ಕೈಪಿಡಿಗಳನ್ನು ಬರೆದೇ ಬದುಕುತ್ತಿದ್ದೇನೆ. ಅಷ್ಟು ನಿಖರವಾಗಿಯೂ ಅಷ್ಟು ದಯೆಯಿಂದಲೂ ನಾಲ್ಕು ಸಾಲು ಬರೆಯುವುದು ನನಗಿನ್ನೂ ಸಾಧ್ಯವಾಗಿಲ್ಲ.