ಕಾಲುಮೂಲೆಯ ಗಂಟು

ಮುಡಿಯಲ್ಲಿ ಒಂಬತ್ತು ಅಂಗುಲದ ದಬ್ಬಳ ಸಿಕ್ಕಿಸಿಕೊಂಡು ಓಡಾಡುವ ಹೆಂಗಸನ್ನು ಬೀದಿ ಬೇರೆ ಏನೆಂದು ಕರೆದೀತು? ದಬ್ಬಳದಮ್ಮ ಎಂದೇ ಕರೆಯಿತು. ಐವತ್ತಮೂರು ವರ್ಷ, ಗಿಡ್ಡ ದೇಹ, ಹತ್ತಿಯ ಧೂಳು ಕುಡಿದು ಒರಟಾದ ಗಂಟಲು. ಹಾಸಿಗೆ ಹೊಲಿಯುವುದು ಅವಳಿಗೆ ಅಪ್ಪನಿಂದ ಬಂದ ಕಸುಬು. ಕಸುಬಿನ ಜೊತೆಗೆ ಒಂದು ನೇಮವೂ ಬಂದಿತ್ತು. ಹಳೆಯ ಹಾಸಿಗೆಯನ್ನು ಅದರ ಮಾಲೀಕರ ಕಣ್ಣೆದುರಿಗೇ ಬಿಚ್ಚಬೇಕು. ಹತ್ತಿಯನ್ನು ಎರಡು ಹಗಲು ಬಿಸಿಲಿಗೆ ಹರಡಿ, ಬಡಿದು, ಹಿಂಜಿ, ಅದೇ ಹತ್ತಿಯನ್ನು ಅದೇ ಮನೆಗೆ ಮುಚ್ಚಿಕೊಡಬೇಕು. ಒಬ್ಬರ ಬೆವರು ಇನ್ನೊಬ್ಬರ ಬೆನ್ನಿಗೆ ಹೋಗಬಾರದು. ಇಷ್ಟು ಸರಿಯಾಗಿ ನಡೆದ ಹಾಸಿಗೆಗೆ ಮಾತ್ರ, ಎಡಗಾಲು ಬರುವ ಮೂಲೆಯಲ್ಲಿ, ಕೆಂಪು ದಾರದ ಮೂರು ಸುತ್ತಿನ ಗಂಟು. ಗಂಟು ಹೊಲಿಗೆಯ ಒಳಗೆ ಹೂತಿರುತ್ತಿತ್ತು. ಕಣ್ಣಿಗೆ ಕಾಣದು, ಬೆರಳಿಗೆ ಮೆಣಸಿನ ಕಾಳಿನಷ್ಟು ಸಿಗುತ್ತಿತ್ತು. ಬೀದಿಯವರು ಅದನ್ನು ಮುಟ್ಟಿ ನೋಡಿಯೇ ಹಾಸಿಗೆ ಒಯ್ಯುತ್ತಿದ್ದರು.

ಬೀದಿಯಲ್ಲಿ ಹಿಂದೆ ಐದು ಹಾಸಿಗೆ ಅಂಗಡಿಗಳಿದ್ದವು. ಸ್ಪಂಜಿನ ಹಾಸಿಗೆ ಬಂದ ಮೇಲೆ ಮೂರಾದವು. ಆಮೇಲೆ ಹಾಸಿಗೆಯನ್ನು ಚಾಪೆಯಂತೆ ಸುತ್ತಿ, ಡಬ್ಬದಲ್ಲಿಟ್ಟು ಮನೆಬಾಗಿಲಿಗೆ ಕಳಿಸುವ ಕಂಪನಿ ಬಂತು. ಮೊಬೈಲಿನಲ್ಲಿ ಒತ್ತಿದರೆ ಮೂರನೇ ದಿನಕ್ಕೆ ಹಾಸಿಗೆ. ‘ನೂರು ರಾತ್ರಿ ಮಲಗಿ ನೋಡಿ, ಹಿಡಿಸದಿದ್ದರೆ ವಾಪಸ್’ ಎಂಬುದು ಅದರ ಜಾಹೀರಾತು. ಕೊನೆಗೆ ಉಳಿದದ್ದು ದಬ್ಬಳದಮ್ಮನ ಅಂಗಡಿ ಒಂದೇ, ಅದೂ ಕಟ್ಟಡ ಸ್ವಂತದ್ದು ಎಂಬ ಕಾರಣಕ್ಕೆ. ತಿಂಗಳಿಗೆ ಎರಡು ಹಾಸಿಗೆ ಬಂದರೆ ಅದೇ ಹೆಚ್ಚು.

ಆಗ ಬಂದವನು ಟೈ. ಕಂಪನಿಯ ಮನುಷ್ಯ. ಹೊಟ್ಟೆಯ ಮೇಲೆ ಕೂತ ಟೈ ಅವನಿಗಿಂತ ಒಂದು ಹೆಜ್ಜೆ ಮುಂಚೆಯೇ ಒಳಗೆ ಬರುತ್ತಿದ್ದುದರಿಂದ ಆ ಹೆಸರು.

“ಅಮ್ಮ, ವಾಪಸ್ ಬಂದ ಹಾಸಿಗೆ ಗೋಡೌನಲ್ಲಿ ರಾಶಿ ಬಿದ್ದಿವೆ,” ಎಂದ. “ಹಳೇ ಬಟ್ಟೆ ಬಿಚ್ಚಿ ಹೊಸದು ಹಾಕ್ಬೇಕು. ಮೂರು ಪಕ್ಕ ಮಿಷನ್ ಹೊಲಿಯುತ್ತೆ. ಸ್ಪಂಜು ಒಳಗೆ ಹೋದ್ಮೇಲೆ ನಾಲ್ಕನೇ ಪಕ್ಕ ಮಿಷನ್‌ಗೆ ಆಗಲ್ಲ, ಕೈಯೇ ಬೇಕು. ಹೊಲಿಗೆ ಕಾಣದ ಹಾಗೆ ಹೊಲಿಯೋ ಕೈ ಅಂದ್ರೆ ನಿಮ್ದೇ ಅಂತೆ.”

“ಈ ವಯಸ್ಸಲ್ಲಿ ನೌಕರಿ ಕೊಡ್ತೀಯೇನಪ್ಪ?”

“ಛೆ ಛೆ, ನೌಕರಿ ಯಾಕೆ? ನೀವು ಉದ್ಯಮಿ ಆಗ್ತೀರಿ. ನಿಮ್ಮದೇ ಶೆಡ್ಡು, ನಿಮ್ಮದೇ ಜನ. ನಾವು ಅವಕಾಶ ಕೊಡ್ತೀವಿ, ಅಷ್ಟೇ.”

“ಅಂದ್ರೆ ಬಾಡಿಗೆ, ಕರೆಂಟು, ಕೂಲಿ ಎಲ್ಲಾ ನಂದು. ಅವಕಾಶ ಮಾತ್ರ ನಿಂದು.”

ಟೈ ಹಲ್ಲು ಬಿಟ್ಟ. “ನಿಮ್ಮ ಬಾಯಿಗೆ ಯಾರು ಬರ್ತಾರೆ ಬಿಡಿ.”

“ಅದಿರ್ಲಿ. ಮುಚ್ಚಿದ್ಮೇಲೆ ಇವು ಎಲ್ಲಿಗೆ ಹೋಗ್ತವೆ?”

“ಹಾಸ್ಟೆಲ್‌ಗಳಿಗೆ. ಸೆಕೆಂಡ್ ಹ್ಯಾಂಡ್ ಅಂತ ಹೇಳೇ ಮಾರ್ತೀವಿ, ಅರ್ಧ ಬೆಲೆಗೆ.”

ಆ ಒಂದು ಮಾತಿನ ಮೇಲೆ ಅವಳು ಒಪ್ಪಿದಳು. ಅಂಗಡಿಯ ಹಿಂದಿನ ತಗಡಿನ ಶೆಡ್ಡು ಹಿಡಿದು, ಬೀದಿಯ ನಾಲ್ವರು ಹೆಂಗಸರನ್ನು ಕೆಲಸಕ್ಕೆ ಕರೆದಳು. ನಾಲ್ಕು ಮನೆಗೆ ಅನ್ನ ಹುಟ್ಟಿಸುವವಳು ಎಂಬ ಮರ್ಯಾದೆ ಅವಳಿಗೆ ಸಿಕ್ಕಿದ್ದು ಅದೇ ಮೊದಲು. ಕೈಗಾಡಿ ತಳ್ಳುವ ಗಂಡ ದಿನಾ ಕೆಣಕುತ್ತಿದ್ದ: “ಏನೇ ಉದ್ಯಮಿ, ಒಂದು ಲೋಟ ಟೀ ಸಿಗುತ್ತಾ?”

“ಅರ್ಜಿ ಹಾಕ್ಕೊಳ್ಳಿ. ನೋಡೋಣ.”

ಆದರೆ ಕೆಲಸ ಹೇಸಿಗೆಯದು. ಮನುಷ್ಯನ ಮೈಯಿಂದ ರಾತ್ರಿಗೆ ಸುಮಾರು ಒಂದು ಲೋಟ ನೀರು ಹೊರಗೆ ಹೋಗುತ್ತದೆ. ಅದರಲ್ಲಿ ತನ್ನ ಪಾಲನ್ನು ಸ್ಪಂಜು ಕುಡಿದು ಇಟ್ಟುಕೊಳ್ಳುತ್ತದೆ. ಹತ್ತಿಯಾದರೆ ಬಿಸಿಲಿಗೆ ಹಾಕಬಹುದು. ಈ ಸ್ಪಂಜು ಬಿಸಿಲು ಕಂಡರೆ ಹಳದಿಯಾಗಿ ಹಿಟ್ಟಿನಂತೆ ಉದುರುತ್ತದೆ. ತೊಳೆದರೆ ವಾರವಾದರೂ ಒಳಗೆ ಒಣಗುವುದಿಲ್ಲ. ಬಟ್ಟೆ ಬಿಚ್ಚಿದ ಕೂಡಲೇ ಒಡೆದ ಹಾಲು, ಒದ್ದೆ ನಾಯಿ, ನೋವಿನ ಮುಲಾಮು ಎಲ್ಲ ಒಟ್ಟಿಗೆ ಸೇರಿದಂಥ ವಾಸನೆ ಏಳುತ್ತಿತ್ತು. ಹೊಲಿಗೆಯ ಸಂದಿಯಲ್ಲಿ ತಿಗಣೆ, ಅದರ ಮೊಟ್ಟೆ, ಉಗುರಿನ ಚೂರು. ಒಮ್ಮೆ ಒಂದು ಹಲ್ಲು ಸಿಕ್ಕಿತು. ಕಂಪನಿ ಹೇಳಿಕೊಟ್ಟ ವಿಧಾನ ಸರಳವಾಗಿತ್ತು: ಕಲೆಯ ಮಗ್ಗುಲನ್ನು ಕೆಳಗೆ ಮಾಡಿ, ಹೂವಿನ ವಾಸನೆಯ ನೀರು ಸಿಂಪಡಿಸಿ, ಮುಚ್ಚಿ. ಗುರುತು ಬಿಡಬೇಡಿ.

ದಾರವೂ ಕಂಪನಿಯದೇ, ಬಿಳಿಯದು. ಆದರೂ ಎಡಗಾಲಿನ ಮೂಲೆಗೆ ಬಂದಾಗ ದಬ್ಬಳದಮ್ಮನ ಕೈ ಮೂರು ಸುತ್ತು ಸುತ್ತಿ ಗಂಟನ್ನು ಒಳಗೆ ಎಳೆದುಬಿಡುತ್ತಿತ್ತು. ಅದನ್ನು ಗಮನಿಸಿದವಳು ನಾಲ್ವರಲ್ಲಿ ಒಬ್ಬಳಾದ ಗಡಿಯಾರ. ಒಂಬತ್ತು ಎಂದರೆ ಒಂಬತ್ತಕ್ಕೇ ಕೆಲಸಕ್ಕೆ ಬರುವವಳಾದ್ದರಿಂದ ಅವಳಿಗೆ ಆ ಹೆಸರು.

“ಇದ್ಯಾಕಕ್ಕ ಗಂಟು? ಎದುರಿಗೆ ಮಾಲೀಕರಿಲ್ಲ, ಬಿಸಿಲೂ ಇಲ್ಲ.”

“ನಾನೆಲ್ಲಿ ಹಾಕ್ತೀನೇ? ಕೈಯೇ ಹಾಕುತ್ತೆ. ಹಾಸ್ಟೆಲ್ ಮಕ್ಕಳಿಗೆ ಏನು ಗೊತ್ತಾಗುತ್ತೆ, ಬಿಡು.”

ಆ ವರ್ಷ ಗಡಿಯಾರದ ಅತ್ತೆ ಜಾರಿಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ಹತ್ತಿ ಹಾಸಿಗೆ ಗಟ್ಟಿಯಾಗುತ್ತದೆ, ಮೆತ್ತನೆಯದು ಬೇಕು ಎಂದರು ಡಾಕ್ಟರು. ಗಡಿಯಾರ ಮೂರು ತಿಂಗಳು ಕೂಡಿಟ್ಟು ಅದೇ ಕಂಪನಿಯಿಂದ, ಪೂರ್ತಿ ಬೆಲೆಗೆ, ಹಾಸಿಗೆ ತರಿಸಿದಳು. ಪ್ಲಾಸ್ಟಿಕ್ಕಿನ ಮೇಲೆ ‘ಹೊಚ್ಚ ಹೊಸದು’ ಎಂಬ ಚೀಟಿ ಇತ್ತು.

ಏಳನೇ ದಿನ ಅವಳು ಕೆಲಸಕ್ಕೆ ಬಂದದ್ದು ಹತ್ತೂವರೆಗೆ.

“ಏನೇ, ಗಡಿಯಾರಕ್ಕೆ ಕೀಲಿ ಕೊಟ್ಟಿಲ್ವಾ ಇವತ್ತು?” ಎಂದು ಉಳಿದವರು ನಕ್ಕರು.

ಅವಳು ನಗಲಿಲ್ಲ. “ಅಕ್ಕ, ಅತ್ತೆ ಬೆನ್ನ ತುಂಬಾ ದದ್ದು. ಹಾಸಿಗೆಯಿಂದ ಆ ಹೂವಿನ ವಾಸನೆ ಬರ್ತಿದೆ. ನಮ್ಮ ಶೆಡ್ಡಿನ ವಾಸನೆ.”

ದಬ್ಬಳದಮ್ಮ ಅವಳ ಹಿಂದೆಯೇ ಹೋದಳು. ಮುದುಕಿಯನ್ನು ಇಬ್ಬರೂ ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ದಬ್ಬಳದಮ್ಮ ಮೊಣಕಾಲೂರಿ, ಕಣ್ಣು ಮುಚ್ಚಿಕೊಂಡು, ಎಡಗಾಲಿನ ಮೂಲೆಯ ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಎಳೆದಳು. ಮೆಣಸಿನ ಕಾಳು ಸಿಕ್ಕಿತು. ಆ ಪಕ್ಕದ ಹೊಲಿಗೆಯನ್ನು ಕತ್ತರಿಸಿ, ಕೈ ತೂರಿಸಿ, ಸ್ಪಂಜಿನ ಕೆಳಮಗ್ಗುಲನ್ನು ತಿರುಗಿಸಿದಳು. ಗೋಡಂಬಿಯ ಆಕಾರದ ಕಂದು ಕಲೆ. ಅದರ ಹೊಟ್ಟೆಯಲ್ಲಿ ನೀಲಿ ಶಾಯಿಯ ಮಚ್ಚೆ.

“ಹೋದ ತಿಂಗಳು ನಾನೇ ಮುಚ್ಚಿದ್ದು,” ಎಂದಳು.

ಕುರ್ಚಿಯಿಂದ ಮುದುಕಿ ಬಗ್ಗಿ ನೋಡಿದಳು. “ಏನದು? ನನಗಿಂತ ಮುಂಚೆ ಯಾರಾದ್ರೂ ಸತ್ತಿದಾರಾ ಇದರ ಮೇಲೆ?”

“ಸತ್ತಿಲ್ಲ ಅಜ್ಜಿ. ಏನೋ ಬರ್ಕೊಂಡಿದಾರೆ.”

ನೂರು ರಾತ್ರಿಯ ಮಾತಿತ್ತಲ್ಲ, ಗಡಿಯಾರ ಹಾಸಿಗೆಯನ್ನು ವಾಪಸ್ ಕೊಟ್ಟಳು. ಹರಿದಿದ್ದರೆ ತೆಗೆದುಕೊಳ್ಳುವುದಿಲ್ಲವೆಂದು ದಬ್ಬಳದಮ್ಮನೇ ಮತ್ತೆ ಮುಚ್ಚಿಕೊಟ್ಟಳು, ಈ ಸಲ ಗಂಟಿಲ್ಲದೆ. ವಾಪಸ್ ಕೊಟ್ಟ ಒಂಬತ್ತನೇ ದಿನ ಶೆಡ್ಡಿನ ಮುಂದೆ ಕಂಪನಿಯ ಲಾರಿ ನಿಂತಿತು. ಇಳಿಸಿದ ಇಪ್ಪತ್ತಾರು ಹಾಸಿಗೆಗಳಲ್ಲಿ ಹನ್ನೊಂದನೆಯದನ್ನು ಬಿಚ್ಚಿದಾಗ ಗೋಡಂಬಿ ಆಕಾರದ ಕಲೆ, ನೀಲಿ ಮಚ್ಚೆ. ಚೀಟಿಯಲ್ಲಿ ಬರೆದಿತ್ತು: ‘ಹೊಸ ಹೊದಿಕೆ ಹಾಕಿ.’ ನಾಲ್ವರು ಹೆಂಗಸರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಒಬ್ಬಳು ಎದ್ದುಹೋಗಿ ಮೋರಿಯಲ್ಲಿ ವಾಂತಿ ಮಾಡಿದಳು.

ದಬ್ಬಳದಮ್ಮ ಟೈಯನ್ನು ಕರೆಸಿದಳು. “ಇದನ್ನ ಹೊಸದು ಅಂತ ಮಾರಿದೀಯಲ್ಲಪ್ಪ.”

“ಬಟ್ಟೆ ಹೊಸದು ತಾನೇ? ಪ್ಲಾಸ್ಟಿಕ್ ಹೊಸದು. ಡಬ್ಬ ಹೊಸದು.”

“ಒಳಗಿನದ್ದು?”

“ಒಳಗಿನದ್ದು ಯಾರು ನೋಡ್ತಾರಮ್ಮ? ಗೊತ್ತಾಗದ ಹಾಗೆ ಮುಚ್ತೀರಿ ಅಂತಾನೇ ನಿಮ್ಮನ್ನ ಹುಡುಕ್ಕೊಂಡು ಬಂದಿದ್ದು. ನಿಮ್ಮ ಕೈ ಇಷ್ಟು ಚೆನ್ನಾಗಿಲ್ದಿದ್ರೆ ಈ ವ್ಯಾಪಾರವೇ ಇರ್ತಿರ್ಲಿಲ್ಲ, ನಿಜವಾಗ್ಲೂ.”

ಅವನು ಹೊಗಳಿಕೆಯೆಂದೇ ಅದನ್ನು ಹೇಳಿದ್ದ. ಅವನು ಹೋದ ಮೇಲೆ ದಬ್ಬಳದಮ್ಮ ನಲ್ಲಿಯ ಕೆಳಗೆ ಕೂತು ಮೊಣಕೈವರೆಗೆ ಸೋಪು ಹಚ್ಚಿ ತೊಳೆದಳು. ಮೂಸಿ ನೋಡಿದಳು. ಮತ್ತೆ ತೊಳೆದಳು. ನಲವತ್ತು ವರ್ಷ ಪಳಗಿದ ಕೈ ಅದು; ಅದರ ಅಚ್ಚುಕಟ್ಟೇ ಆ ಕೊಳಕಿಗೆ ಮುಚ್ಚಳವಾಗಿತ್ತು. ಸುಮ್ಮನಿದ್ದರೆ ಬೀದಿ ನಂಬಿದ ಗಂಟು ಸುಳ್ಳಾಗುತ್ತದೆ. ಬಾಯಿ ಬಿಟ್ಟರೆ ನಾಲ್ಕು ಮನೆಯ ಒಲೆ ಆರುತ್ತದೆ.

ಅದನ್ನೇ ನಾಲ್ವರು ಹೆಂಗಸರ ಮುಂದಿಟ್ಟಳು. ಗಡಿಯಾರ ಅಂದಳು, “ನಿಲ್ಸಿದ್ರೆ ನಾನು ಎಲ್ಲಿಗೆ ಹೋಗ್ಲಿ ಅಕ್ಕ? ನಿಲ್ಸದಿದ್ರೆ ಯಾವ ಮುಖ ಹೊತ್ಕೊಂಡು ಅತ್ತೆ ಹತ್ರ ಹೋಗ್ಲಿ?”

ಆ ಇಪ್ಪತ್ತಾರನ್ನೂ ದಬ್ಬಳದಮ್ಮ ಒಬ್ಬಳೇ ಮುಚ್ಚಿದಳು. ಅಂಗಡಿಯ ಕಪಾಟಿನಿಂದ ಕೆಂಪು ದಾರದ ಉಂಡೆ ತಂದು, ಪ್ರತಿಯೊಂದರ ಕಾಲುಮೂಲೆಯಲ್ಲಿ, ಹೊರಗಡೆಗೇ, ಗೋಲಿಯ ಗಾತ್ರದ ಗಂಟು ಹಾಕಿದಳು. ಅಂಗಡಿಯ ಬಾಗಿಲಿಗೆ ರಟ್ಟು ತೂಗುಹಾಕಿದಳು: ‘ಹಾಸಿಗೆಗೆ ಕೆಂಪು ಗಂಟು ಕಂಡರೆ ಅದನ್ನು ಬಿಚ್ಚಿ ಮುಚ್ಚಿದವಳು ನಾನು. ಅದು ಹೊಸದಲ್ಲ.’ ಯಾರೋ ಅದರ ಫೋಟೋ ತೆಗೆದರು. ಎರಡು ದಿನದಲ್ಲಿ ಅದು ಊರಿನ ಮೊಬೈಲುಗಳಲ್ಲೆಲ್ಲ ಓಡಾಡಿತು. ಮೂರನೇ ದಿನ ಕಂಪನಿ ಲಾರಿ ಕಳಿಸುವುದನ್ನು ನಿಲ್ಲಿಸಿತು. ‘ಹೊರಗಿನ ಗುತ್ತಿಗೆದಾರರೊಬ್ಬರ ತಪ್ಪು’ ಎಂದು ಹೇಳಿಕೆಯನ್ನೂ ಕೊಟ್ಟಿತು. ಉದ್ಯಮಿ ಎಂದರೆ ಇದೇ ಎಂದು ದಬ್ಬಳದಮ್ಮನಿಗೆ ಆಗ ಅರ್ಥವಾಯಿತು: ತಪ್ಪು ಹೊರಲು ಒಂದು ಸ್ವಂತ ತಲೆ ಇರುವವರು.

ತಿಂಗಳೊಳಗೆ ಎರಡು ಬೀದಿ ಆಚೆ ಕಂಪನಿಯ ದೊಡ್ಡ ಶೆಡ್ಡು ಎದ್ದಿತು. ಅಲ್ಲಿ ನಾಲ್ಕನೇ ಪಕ್ಕವನ್ನು ಅಂಟಿನಿಂದ ಮುಚ್ಚುತ್ತಾರೆ. ನಾಲ್ವರೂ ಅಲ್ಲಿಗೆ ಹೋದರು. ಗಡಿಯಾರ ಮಾತ್ರ ಹೇಳಿಹೋಗಲು ಬಂದಳು.

“ಬೈಬೇಡ ಅಕ್ಕ.”

“ಬೈಯಲ್ಲ ಕಣೆ. ಕೈಗೆ ಗ್ಲೌಸ್ ಹಾಕ್ಕೋ. ತಿಗಣೆ ಇದ್ರೆ ಮನೆಗೆ ಹೊತ್ಕೊಂಡು ಹೋಗ್ಬೇಡ. ಅತ್ತೆಗೆ ನನ್ನ ಹತ್ರ ಯಾರೂ ಮಲಗದ ಒಂದು ಹತ್ತಿ ಹಾಸಿಗೆ ಇದೆ, ವಾರಕ್ಕೊಂದ್ಸಲ ಹಿಂಜಿ ಕೊಡ್ತೀನಿ. ಗಟ್ಟಿಯಾಗಲ್ಲ.”

ನಾಲ್ಕು ತಿಂಗಳು ಕಳೆದ ಮೇಲೆ ಗಡಿಯಾರವೇ ಕಂಪನಿಯ ಹೊಸ ಜಾಹೀರಾತನ್ನು ತಂದು ತೋರಿಸಿದಳು. ಬೆಳ್ಳನೆಯ ಹಾಸಿಗೆ, ಅದರ ಮೂಲೆಯಲ್ಲಿ ಕೆಂಪು ದಾರದ ಗಂಟು, ಕೆಳಗೆ ದಪ್ಪಕ್ಷರ: ‘ಕೈಕಸುಬಿನ ಕೆಂಪು ಗಂಟು. ಪರಿಶುದ್ಧತೆಯ ಗುರುತು.’ ಬೆಲೆ ಸ್ವಲ್ಪ ಹೆಚ್ಚು.

“ದಿನಕ್ಕೆ ಮುನ್ನೂರು ಕಟ್ತೀವಿ ಅಕ್ಕ. ಬರೀ ಎರಡೇ ಸುತ್ತು. ಹಳೇದಕ್ಕೂ ಅದೇ, ಹೊಸದಕ್ಕೂ ಅದೇ.”

ದಬ್ಬಳದಮ್ಮ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು. ಅಪ್ಪನ ಗಂಟು, ಅಚ್ಚಿನಲ್ಲಿ ಹೊಳೆಯುತ್ತಿತ್ತು. ಹೊರಗೆ ಹೋಗಿ ಮೋರಿಗೆ ಉಗಿದು ಬಂದಳು. ಕೆಂಪು ದಾರದ ಉಂಡೆಯನ್ನು ಒಲೆಗೆ ಹಾಕಿದಳು.

ಈಗ ಅವಳು ಗಂಟು ಹಾಕುವುದಿಲ್ಲ. ತಿಂಗಳಿಗೆ ಆರೇಳು ಹಾಸಿಗೆ ಬರುತ್ತವೆ. ರಟ್ಟಿನ ಫೋಟೋ ನೋಡಿ ದೂರದ ಬೀದಿಯವರೂ ಬರುತ್ತಾರೆ. ಎದುರಿಗೇ ಬಿಚ್ಚುತ್ತಾಳೆ, ಎರಡು ಹಗಲು ಬಿಸಿಲಿಗೆ ಹಾಕುತ್ತಾಳೆ, ಬಡಿದು ತುಂಬುತ್ತಾಳೆ. ಕೊನೆಗೆ, ಎಡಗಾಲಿನ ಮೂಲೆಯಲ್ಲಿ ನಾಲ್ಕು ಅಂಗುಲ ಉಳಿದಾಗ, ದಬ್ಬಳವನ್ನು ಮಾಲೀಕರ ಕೈಗೆ ಕೊಡುತ್ತಾಳೆ.

“ಕೈ ಒಳಗೆ ಹಾಕಿ ನೋಡಿ. ನಿಮ್ಮದೇ ತಾನೇ? ಹಂಗಾದ್ರೆ ಮುಚ್ಚಿ.”

“ನನಗೆ ಹೊಲಿಯೋಕೆ ಬರಲ್ಲವಲ್ಲಮ್ಮ.”

“ಬರದಿದ್ರೂ ಹೊಲಿರಿ.”

ಆ ನಾಲ್ಕು ಅಂಗುಲದ ಹೊಲಿಗೆ ಸೊಟ್ಟಗಿರುತ್ತದೆ, ಕೆಲವು ಕಡೆ ಹತ್ತಿ ಇಣುಕುತ್ತದೆ. ದಬ್ಬಳದಮ್ಮ ಅದನ್ನು ಸರಿಮಾಡುವುದಿಲ್ಲ.