ಹರಳು ತಣಿಯುವ ತನಕ

ಸಂಶೋಧಕರ ವಸತಿಗೃಹದ ನಮ್ಮ ಒಂಟಿ ಕೋಣೆಯಲ್ಲಿ, ಫ್ಯಾನಿನ ಪಕ್ಕದ ಕೊಂಡಿಗೆ ರಬಕವಿಯ ಹಳೆಯ ಸೀರೆಯೊಂದು ಜೋಲಿಯಾಗಿ ತೂಗುತ್ತಿತ್ತು. ಅದರೊಳಗೆ ಐದು ತಿಂಗಳ ನನ್ನ ಮಗಳು. ತೂಗುತ್ತಿದ್ದವರು ನಮ್ಮ ಅತ್ತೆ. ಹಿಪ್ಪರಗಿಯ ಹೊಳೆದಂಡೆಯ ಹೊಲ, ಎಮ್ಮೆ, ಓಣಿಯ ಗೆಳತಿಯರನ್ನೆಲ್ಲ ಬಿಟ್ಟು, ನನ್ನ ಸಂಶೋಧನೆಗಾಗಿ ಈ ದೂರದ ನಗರಕ್ಕೆ ಬಂದವರು. ನನ್ನ ಗಂಡನ ನೌಕರಿ ಜಮಖಂಡಿಯ ಕಾಲೇಜಿನಲ್ಲಿ. ಅವರು ಬಿಟ್ಟು ಬರುವಂತಿರಲಿಲ್ಲ.

ಡಾಕ್ಟರೇಟಿನ ನಂತರದ ಸಂಶೋಧನೆಯೆಂದರೆ ಹೊಸ್ತಿಲ ಮೇಲಿನ ಬದುಕು, ನೋಡಿ. ವಿದ್ಯಾರ್ಥಿ ಎನ್ನಲು ವಯಸ್ಸು ಮೀರಿರುತ್ತದೆ, ವಿಜ್ಞಾನಿ ಎನ್ನಲು ಕಾಯಂ ಆದೇಶ ಬಂದಿರುವುದಿಲ್ಲ; ರಾಷ್ಟ್ರೀಯ ಪ್ರಯೋಗಾಲಯದ ದೊಡ್ಡ ಗೇಟಿನೊಳಗೆ ಹೆಮ್ಮೆಯಿಂದ ಕಾಲಿಟ್ಟವಳ ಕೊರಳ ಗುರುತಿನ ಚೀಟಿಯಲ್ಲೇ ಆಕೆ ಹೊರಡಬೇಕಾದ ತಾರೀಖೂ ಅಚ್ಚಾಗಿರುತ್ತದೆ. ನನ್ನದು ಹರಳು ಬೆಳೆಸುವ ಕೆಲಸ. ಪುಡಿಯನ್ನು ಕುಲುಮೆಯಲ್ಲಿ ಕರಗಿಸಿ, ವಾರಗಟ್ಟಲೆ, ಅವಸರವಿಲ್ಲದೆ ತಣಿಸಬೇಕು. ವಿಕಿರಣ ಪತ್ತೆ ಹಚ್ಚುವ ಉಪಕರಣಕ್ಕೆ ಬೇಕಾದ ಹರಳದು. ಒಂದು ಬಿರುಕೂ ಇರಕೂಡದು. ಅದು ತಣಿಯುವ ತನಕ ನನ್ನ ಜೀವಕ್ಕೆ ತಂಪಿಲ್ಲ. ಮಧ್ಯಾಹ್ನ ಬರುತ್ತೇನೆಂದು ಹೇಳಿ ಹೋದವಳು ಎಷ್ಟೋ ಸಲ ಸಂಜೆಗೆ ಬರುತ್ತಿದ್ದೆ. ಕೂಸು ಅತ್ತು ಅತ್ತು ಮಲಗಿರುತ್ತಿತ್ತು, ಅತ್ತೆ ಉಂಡಿರುತ್ತಿರಲಿಲ್ಲ.

ಎರಡನೆಯ ಹರಳೂ ಬಿರುಕು ಬಿಟ್ಟ ದಿನ ಕೋಣೆಗೆ ಬಂದವಳೇ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದೆ. ನನ್ನ ಅವಧಿಯಲ್ಲಿ ಇನ್ನೊಂದು ಹರಳಿಗಷ್ಟೇ ಸಮಯ ಉಳಿದಿತ್ತು.

"ಯಾಕವ್ವಾ?" ಎಂದರು ಅತ್ತೆ.

"ಸಾಕ್ರಿ ಅತ್ತಿ, ಊರಿಗೆ ಹೋಗೂಣು. ನಿಮಗೂ ಇಲ್ಲಿ ಬ್ಯಾಸರ ಆಗೇತಿ."

"ಆಗೇತಿ," ಎಂದರು ಅವರು, ಮುಚ್ಚುಮರೆಯಿಲ್ಲದೆ. "ದಿನಾ ಆಗ್ತೈತಿ. ಮಾತಾಡಾಕ ಈ ಕೂಸು ಒಂದ. ಅದಕ್ಕೂ ಮಾತು ಬರಂಗಿಲ್ಲ. ಆದ್ರ ನನ್ನ ನೆವ ಹೇಳಿ ನಿನ್ನ ಕೆಲಸ ಬಿಡಬ್ಯಾಡ. ನಿನಗ ಸಾಕಾಗಿದ್ರ, ನನಗ ಸಾಕಾತು ಅನ್ನು."

ನನಗೆ ಸಾಕಾಗಿರಲಿಲ್ಲ. ಅದನ್ನು ಹೇಳುವಾಗ ಅಳು ಬಂತು. ಅವರು ಮತ್ತೇನೂ ಕೇಳದೆ ಚೀಲದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಕೊಡವಿ ಗೂಟಕ್ಕೆ ಹಾಕಿದರು. ತ್ಯಾಗ ಎಂಬ ಭಾರದ ಮಾತನ್ನು ಇಂಥವರ ತಲೆಯ ಮೇಲೆ ನಾವು ಎಷ್ಟು ಸಲೀಸಾಗಿ ಹೊರಿಸಿಬಿಡುತ್ತೇವೆ! ಬೇಸರವಾಗಿದೆ ಎಂದು ಬಾಯಿಬಿಟ್ಟು ಹೇಳಿ, ಆಮೇಲೂ ನನ್ನ ಜೊತೆ ಉಳಿದರಲ್ಲ, ಆ ಉಳಿಯುವಿಕೆಗೆ ನನ್ನ ಬಳಿ ಇವತ್ತಿಗೂ ತಕ್ಕ ಹೆಸರಿಲ್ಲ.

ಮೂರನೆಯ ಹರಳು ಬಿರುಕಿಲ್ಲದೆ ಬಂತು. ಹೆಬ್ಬೆರಳಿನಷ್ಟು ಗಾತ್ರ, ತಿಳಿನೀರಿನಂಥ ಮೈ. ನನ್ನ ಅವಧಿ ಒಂದು ವರ್ಷ ಮುಂದೆ ಹೋಯಿತು. ಕಾಯಂ ನೌಕರಿ ಇನ್ನೂ ದೂರವೇ ಇದೆ.

ಸಾರ್ವಜನಿಕರಿಗೆ ಪ್ರಯೋಗಾಲಯ ತೆರೆಯುವ ದಿನ ಅತ್ತೆ ಕೂಸನ್ನು ಬಗಲಿಗೇರಿಸಿಕೊಂಡು ಮೊದಲ ಸಲ ಗೇಟಿನೊಳಗೆ ಬಂದರು. ಧಾರವಾಡದ ಕಡೆಯವರಾದ ನಮ್ಮ ವಿಭಾಗದ ಮುಖ್ಯಸ್ಥರು ಹರಳಿನ ಮಹಿಮೆಯನ್ನು ಸಾವಕಾಶವಾಗಿ ವಿವರಿಸಿದರು. ಅತ್ತೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಭಾಳ ಛಲೋ ಆಗೇತ್ರಿ," ಎಂದರು. "ಆದ್ರ ಸಾಹೇಬ್ರ, ಮಧ್ಯಾನ ಇಕಿನ್ನ ಊಟಕ್ಕ ಬಿಡ್ರಿ. ಕೂಸು ದಾರಿ ಕಾಯ್ತೈತಿ. ನಾನೂ ಕಾಯ್ತೇನಿ."

ನಾನು ನೆಲ ನೋಡಿದೆ. "ಬಿಡ್ತೇನ್ರಿ ಅವ್ವಾರ," ಎಂದರು ಅವರು.

ಮರುದಿನ ಮಧ್ಯಾಹ್ನ ಕುಲುಮೆಯ ಮುಂದೆ ಕೂತಿದ್ದಾಗ ಪಕ್ಕದಲ್ಲಿ ಯಾರೋ ಕುರ್ಚಿ ಎಳೆದುಕೊಂಡರು. ತಿರುಗಿದರೆ ಮುಖ್ಯಸ್ಥರು.

"ಇದನ್ನ ನಾ ನೋಡಕೋತೇನಿ, ನೀ ಏಳು," ಎಂದರು. "ನಿಮ್ಮ ಅತ್ತಿಯವ್ರಿಗೆ ಮಾತು ಕೊಟ್ಟೇನಿ."